ನನ್ನ ರಕ್ತಕ್ಕೆ ಬಂದ ಅಪವಾದ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಪಾಂಡವಪುರದಲ್ಲಿದ್ದೆವು. ನಾನು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಮೇಡಂ. ನನ್ನ ಗಂಡ ಪಕ್ಕದ ಹಳ್ಳಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಒಂದು ಸಲ ಗರ್ಭ ನಿಂತು ಮೂರು ತಿಂಗಳಿಗೇ ಹೋಗಿತ್ತು.

ಆ ವರ್ಷ ನನಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತ ಮೇಲೇ ಜಡೆ ಹೆಣೆಯಲು ಬರುತ್ತಿತ್ತು. ಸಂಜೆಯಾದರೆ ಸಣ್ಣ ಜ್ವರ. ಶಾಲೆಯಲ್ಲಿ ಪ್ರಾರ್ಥನೆಗೆ ಬಿಸಿಲಲ್ಲಿ ಹತ್ತು ನಿಮಿಷ ನಿಂತರೆ ಕೆನ್ನೆಯೆರಡೂ ಕೆಂಪಗಾಗಿ ಉರಿಯುತ್ತಿದ್ದವು. ಹೆಡ್‌ಮಾಸ್ತರರು, "ಏನ್ ಮೇಡಂ, ಮೊಕ ಅಂಗ್ ಕೆಂಪಾಗದೆ? ಯಾರ್ ಮ್ಯಾಲೆ ಸಿಟ್ಟು?" ಎಂದು ನಗುತ್ತಿದ್ದರು.

ಊರಿನ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ಸೋಂಕೋ ಊತವೋ ಇದ್ದರೆ ಏರುವ ಇಎಸ್‌ಆರ್ ಎಂಬ ಲೆಕ್ಕ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು, ರಕ್ತ ಕಡಿಮೆ. "ಮೈಯಲ್ಲಿ ಎಲ್ಲೋ ಸೋಂಕಿದೆ" ಎಂದರು. ಎಲ್ಲಿ ಎಂದರೆ ಗೊತ್ತಿಲ್ಲ. ಎದೆಯ ಎಕ್ಸ್‌ರೇ ತೆಗೆಸಿದರು, ಅದರಲ್ಲಿ ಏನೂ ಇರಲಿಲ್ಲ. ಮೂತ್ರದಲ್ಲೂ ಏನೂ ಇರಲಿಲ್ಲ. ಕಬ್ಬಿಣದ ಟಾನಿಕ್ ಕುಡಿಸಿ ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ತೆಗೆದರೆ ಇಎಸ್‌ಆರ್ ಇನ್ನೂ ಮೇಲೆ ಹೋಗಿತ್ತು. ನನಗಿಂತ ಮೊದಲು ತಾಳ್ಮೆ ಕಳೆದುಕೊಂಡವರು ನಮ್ಮತ್ತೆ.

"ರಕ್ತ ಕಮ್ಮಿ ಅಂತ ಅವ್ರೇ ಯೋಳ್ತಾರೆ, ಮತ್ತೆ ಅವ್ರೇ ಸೀಸೆ ತುಂಬ ಎಳ್ಕತ್ತಾರೆ. ಇದ್ಯಾವ ಸೀಮೆ ನ್ಯಾಯ ಕಣಮ್ಮಿ?"

ಅಷ್ಟರಲ್ಲಿ ನಾನು ಮತ್ತೆ ಬಸುರಿಯಾದೆ. ಬಸುರಿಯರಿಗೆಲ್ಲ ಮಾಡುವ ಪರೀಕ್ಷೆಗಳನ್ನು ಡಾಕ್ಟರು ಬರೆದುಕೊಟ್ಟರು. ಅದರಲ್ಲಿ ವಿಡಿಆರ್‌ಎಲ್ ಎನ್ನುವುದೂ ಒಂದು. ಅದು ಏನೆಂದು ನಾನು ಕೇಳಲೂ ಇಲ್ಲ. ಎರಡು ದಿನ ಬಿಟ್ಟು ರಿಪೋರ್ಟು ತೆಗೆದುಕೊಂಡು ಹೋದಾಗ ಡಾಕ್ಟರು ಅದನ್ನು ಓದಿ, ನರ್ಸನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು.

"ನಿಮ್ಮ ಯಜಮಾನ್ರು ಹೊರಗಡೆ ಹೋಗೋದುಂಟಾ?"

"ಹೋಗ್ತಾರೆ ಮೇಡಂ. ಡೈರಿ ಕೆಲಸಕ್ಕೆ ವಾರಕ್ಕೊಂದು ಸಲ ಮಂಡ್ಯಕ್ಕೆ ಹೋಗ್ತಾರೆ."

"ಹಂಗಲ್ಲಮ್ಮ..." ಎಂದು ಅವರು ತಲೆ ತಗ್ಗಿಸಿ, ನಿಧಾನವಾಗಿ ಬಿಡಿಸಿ ಹೇಳಿದರು. ಅದು ಗುಹ್ಯರೋಗದ ಪರೀಕ್ಷೆಯಂತೆ. ನನ್ನ ರಿಪೋರ್ಟಿನಲ್ಲಿ 'ರಿಯಾಕ್ಟಿವ್' ಎಂದು ಬಂದಿತ್ತು. ಅಂದರೆ ರೋಗ ಇದೆ ಎಂದು. ಅವರು ಮಂಡ್ಯಕ್ಕೆ ಹೋಗುವ ವಿಷಯ ಹೇಳಿದ್ದು ನೆನಪಾಗಿ ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಮನೆಗೆ ಬಂದು, ಅತ್ತೆ ಹಿತ್ತಲಿಗೆ ಹೋಗುವುದನ್ನು ಕಾದು, ಗಂಡನಿಗೆ ಹೇಳಿದೆ. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದಿನವೂ ಹಾಲು ಪರೀಕ್ಷೆ ಮಾಡಿ ಅಭ್ಯಾಸವಿದ್ದವರು.

"ಒಂದಪ ಫ್ಯಾಟು ಕಮ್ಮಿ ಬಂತು ಅಂತ ನಾನು ಯಾರ್ನೂ ಕಳ್ಳ ಅನ್ನಕಿಲ್ಲ. ಇನ್ನೊಂದಪ ನೋಡ್ತೀನಿ. ನನ್ ರಕ್ತನೂ ತಗೊಳ್ಳಿ, ಅದ್ಕೇನಂತೆ" ಎಂದರು.

ಅವರ ರಕ್ತವನ್ನೂ ತೆಗೆದರು. ಅವರದು ನಾನ್ ರಿಯಾಕ್ಟಿವ್. ಏನೂ ಇಲ್ಲ. ನನ್ನದು ಎರಡನೇ ಸಲವೂ ರಿಯಾಕ್ಟಿವ್.

ಅಲ್ಲಿಗೆ ಡಾಕ್ಟರ ಪ್ರಶ್ನೆ ನನ್ನ ಕಡೆ ತಿರುಗಿತು. "ತಪ್ಪು ತಿಳ್ಕೋಬೇಡಿ, ಮದುವೆಗೆ ಮುಂಚೆ ಏನಾದ್ರೂ...?" ಇಲ್ಲ ಎಂದೆ. "ಯೋಚನೆ ಮಾಡಿ ಹೇಳಿ" ಎಂದರು. ಯೋಚನೆ ಮಾಡಿ ಹೇಳುವ ಸಂಗತಿಯೇ ಅದು? ನಾಗಮಂಗಲದ ತವರಿನಲ್ಲಿ ಕಾಲೇಜಿನಿಂದ ಐದು ನಿಮಿಷ ತಡವಾಗಿ ಬಂದರೆ ಅಪ್ಪ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತಿದ್ದರು. ಅದನ್ನೆಲ್ಲ ಅವರಿಗೆ ಹೇಳುವುದು ಹೇಗೆ, ಯಾಕೆ ಹೇಳಬೇಕು? ವಾರಕ್ಕೊಂದರಂತೆ ಮೂರು ಪೆನ್ಸಿಲಿನ್ ಇಂಜೆಕ್ಷನ್ ಬರೆದುಕೊಟ್ಟರು. ಸೊಂಟಕ್ಕೆ ಚುಚ್ಚಿದರೆ ಎರಡು ದಿನ ಕಾಲು ಎಳೆದುಕೊಂಡು ನಡೆಯಬೇಕು. ಶಾಲೆಯಲ್ಲಿ ಜಾರಿಬಿದ್ದೆ ಎಂದು ಸುಳ್ಳು ಹೇಳಿದೆ.

ನನ್ನ ಗಂಡ ಒಂದು ಮಾತೂ ಕೆಟ್ಟದಾಗಿ ಆಡಲಿಲ್ಲ. ಒಂದು ಮಾತೂ ಆಡಲಿಲ್ಲ ಎನ್ನುವುದೇ ಸರಿ. ಎಂಟು ದಿನ. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ಉಣ್ಣುವುದು, ಎದ್ದು ಡೈರಿಗೆ ಹೋಗುವುದು. ಒಂಬತ್ತನೇ ದಿನ ಏನೂ ಆಗಿಲ್ಲದವರಂತೆ, "ಇವತ್ತು ಸಾರು ಚೆನ್ನಾಗದೆ" ಎಂದರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಐದನೇ ತಿಂಗಳಲ್ಲಿ ಆ ಮಗುವೂ ಹೋಯಿತು. ನಾಗಮಂಗಲದಲ್ಲಿ ಅಮ್ಮನ ಹತ್ತಿರ ಒಂದು ತಿಂಗಳು ಮಲಗಿದ್ದೆ. ಅಮ್ಮನಿಗೆ ಚೀಟಿಯ ವಿಷಯ ಹೇಳಲಿಲ್ಲ. ಇಂಜೆಕ್ಷನ್ ಕೊಟ್ಟಾಯಿತಲ್ಲ, ಈಗಲಾದರೂ ಸರಿಹೋಗಿರುತ್ತದೆ ಎಂದುಕೊಂಡು ಮತ್ತೊಂದು ಸಲ ಪರೀಕ್ಷೆ ಮಾಡಿಸಲು ನಿರ್ಧರಿಸಿದೆ. ಈ ಸಲ ಪಾಂಡವಪುರ ಬೇಡ, ಯಾರಿಗೂ ಗೊತ್ತಾಗುವುದು ಬೇಡ ಎಂದು ಶ್ರೀರಂಗಪಟ್ಟಣಕ್ಕೆ ಬಸ್ಸು ಹತ್ತಿ ಹೋಗಿ, ಪೇಟೆ ಬೀದಿಯ ಒಂದು ಲ್ಯಾಬಿನಲ್ಲಿ ಕೂತೆ. ಸಾಬರ ಯುವಕನೊಬ್ಬ ರಕ್ತ ತೆಗೆಯುತ್ತ ಚೀಟಿ ನೋಡಿ, "ಪಾಂಡವಪುರದಿಂದ ಇಲ್ಲೀವರ್ಗೂ ಬಂದ್ರಾ ಮೇಡಂ? ನೀವು ಕೆ.ಆರ್. ಪೇಟೆ ಕಡೆ ಸ್ಕೂಲಲ್ಲಿರೋರು ಅಲ್ವಾ? ನಮ್ಮ ಆಪಾ, ನಮ್ಮಕ್ಕ, ನಿಮ್ಜೊತೇನೇ ಟೀಚರ್ರು" ಎಂದ. ಸೂಜಿ ಕೈಯಲ್ಲಿರುವಾಗ ಓಡುವಂತೆಯೂ ಇಲ್ಲ.

ಆದರೆ ಅವನಷ್ಟು ಸಭ್ಯವಾಗಿ ಆ ಒಂದು ವರ್ಷದಲ್ಲಿ ನನ್ನ ಜೊತೆ ಯಾರೂ ನಡೆದುಕೊಂಡಿರಲಿಲ್ಲ. ಸಂಜೆ ರಿಪೋರ್ಟನ್ನು ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟ. "ಮನೇಲಿ ನಾನೇನೂ ಹೇಳಲ್ಲ ಮೇಡಂ, ಖುದಾ ಕಸಮ್. ಇದು ಒಂದೊಂದು ಸಲ ಸುಮ್ಸುಮ್ನೆ ಹಿಂಗೆ ಬರುತ್ತೆ. ಮೈಸೂರಲ್ಲಿ ದೊಡ್ಡ ಡಾಕ್ಟ್ರಿಗೆ ತೋರ್ಸಿ" ಎಂದ. ಲಕೋಟೆಯಲ್ಲಿ ಅದೇ ಪದವಿತ್ತು.

ಮೈಸೂರಿಗೆ ಗಂಡನನ್ನೂ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದಿದ್ದರೂ ಎಳೆದುಕೊಂಡೇ ಹೋಗುತ್ತಿದ್ದೆ. ಅಲ್ಲಿನ ವಯಸ್ಸಾದ ಡಾಕ್ಟರು ನನ್ನ ಎಲ್ಲ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡರು. ಯಾರೂ ಕೇಳದಿದ್ದುದನ್ನು ಕೇಳಿದರು. ಬಿಸಿಲಿಗೆ ಹೋದರೆ ಏನಾಗುತ್ತದೆ? ಬಾಯಲ್ಲಿ ಹುಣ್ಣಾಗುತ್ತದೆಯೇ? ಕೂದಲು ಉದುರುತ್ತದೆಯೇ? ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಮರಗಟ್ಟಿರುತ್ತದೆ? ಒಂದೊಂದಕ್ಕೂ ಉತ್ತರ ಹೇಳುತ್ತ ಹೋದಂತೆ ನನ್ನ ಧ್ವನಿ ಏರಿತು. ಒಂದು ವರ್ಷದಿಂದ ಹೇಳಲು ಕಾದಿದ್ದೆ, ಕೇಳುವವರಿರಲಿಲ್ಲ.

ಇನ್ನೆರಡು ಪರೀಕ್ಷೆ ಬರೆದರು. ಒಂದು ಬೆಂಗಳೂರಿಗೆ ಹೋಗಿ ಬರಬೇಕಿತ್ತು. ಹದಿನೈದು ದಿನ ಬಿಟ್ಟು ಹೋದಾಗ ಅವರು ನನ್ನ ಗಂಡನಿಗೂ ಕುರ್ಚಿ ಹಾಕಿಸಿದರು.

"ನಿಮಗೆ ಆ ರೋಗ ಇಲ್ಲಮ್ಮ, ಯಾವತ್ತೂ ಇರಲಿಲ್ಲ. ಈ ವಿಡಿಆರ್‌ಎಲ್ ರೋಗಾಣುವನ್ನು ಹುಡುಕೋದಿಲ್ಲ. ರಕ್ತದಲ್ಲಿರೋ ಒಂದು ಪದಾರ್ಥವನ್ನು ಹುಡುಕುತ್ತೆ. ಆ ರೋಗ ಬಂದವರಲ್ಲೂ ಅದು ಇರುತ್ತೆ, ನಿಮ್ಮಂಥವರಲ್ಲೂ ಇರುತ್ತೆ. ನಿಮಗಿರೋದು ಲೂಪಸ್. ನಿಮ್ಮ ಮಕ್ಕಳು ನಿಲ್ಲದೆ ಹೋಗಿದ್ದಕ್ಕೂ ಆ ಪದಾರ್ಥವೇ ಕಾರಣ ಇರಬಹುದು."

"ಅದು ಯಾಕೆ ಬರುತ್ತೆ ಸಾರ್?" ಎಂದೆ.

"ಮೈಯನ್ನು ಕಾಯಬೇಕಾದ್ದೇ ಮೈಮೇಲೆ ತಿರುಗಿಬೀಳುತ್ತೆ. ಯಾಕೆ ಅಂದ್ರೆ ನಮಗೂ ಗೊತ್ತಿಲ್ಲ."

ಮತ್ತೆ ಗೊತ್ತಿಲ್ಲ! ಆದರೂ ಆ 'ಗೊತ್ತಿಲ್ಲ' ಕೇಳಿ ನನಗೆ ಸಮಾಧಾನವೇ ಆಯಿತು. ಅದರಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. "ಯಾಕಮ್ಮಿ ಅಳ್ತಿದ್ದೀಯೆ? ಒಳ್ಳೇದೇ ಆಯ್ತಲ್ಲ" ಎಂದರು ನನ್ನ ಗಂಡ.

"ಎಂಟು ದಿನ ಯಾಕೆ ಮಾತಾಡ್ಲಿಲ್ಲ ನೀವು?"

ಬಸ್ಸು ಕಾವೇರಿ ಸೇತುವೆ ಮೇಲಿತ್ತು. ಅವರು ಕಿಟಕಿ ನೋಡುತ್ತಲೇ ಹೇಳಿದರು: "ನಿನ್ಮ್ಯಾಲೆ ಅನುಮಾನ ಇಲ್ಲ ಅಂತ ಯೋಳಕೆ ಬಾಯಿ ತೆಗ್ದೆ ಕಣಮ್ಮಿ. ಅನುಮಾನ ಇತ್ತು. ಅದ್ಕೇ ಮಾತು ಬರ್ನಿಲ್ಲ. ತಪ್ಪಾಯ್ತು."

ಸುಳ್ಳು ಹೇಳಿದ್ದರೆ ನಾನು ಬಹುಶಃ ಕ್ಷಮಿಸುತ್ತಿರಲಿಲ್ಲ. ನಿಜ ಹೇಳಿದ್ದಕ್ಕೂ ಕ್ಷಮಿಸಲು ಒಂದು ವರ್ಷ ಹಿಡಿಯಿತು.

ಮೈಸೂರಿನ ರಿಪೋರ್ಟು ಹಿಡಿದು ಪಾಂಡವಪುರದ ಲೇಡಿ ಡಾಕ್ಟರ ಹತ್ತಿರ ಹೋದೆ. ಏನೇನು ಅನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ಅವರು ಓದಿ, ಕನ್ನಡಕ ತೆಗೆದಿಟ್ಟು, "ಓದಿದ್ದೆ ಕಣಮ್ಮ, ಕಾಲೇಜಲ್ಲಿ ಇದನ್ನ ಓದಿದ್ದೆ. ನೆನಪಿಗೇ ಬರ್ಲಿಲ್ಲ" ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನಾನು ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಹಾಗೇ ಉಳಿಯಿತು. ಅದಕ್ಕೂ ಸಿಟ್ಟು ಬಂತು.

ಸ್ಟೆರಾಯ್ಡ್ ಮಾತ್ರೆ ನುಂಗಿ ನನ್ನ ಮುಖ ಊದಿಕೊಂಡಿತು. ಬೆರಳು ಮಾತ್ರ ಮಡಚಲು ಬಂದವು. ಎರಡು ವರ್ಷದ ಮೇಲೆ ಮತ್ತೆ ಬಸುರಿಯಾದಾಗ ದಿನಕ್ಕೊಂದು ಸಣ್ಣ ಆಸ್ಪಿರಿನ್ ಸೇರಿಸಿದರು. ಎಂಟನೇ ತಿಂಗಳಲ್ಲಿ ಮಗಳು ಹುಟ್ಟಿದಳು, ಅಂಗೈಯಗಲದ ಕೂಸು. ಅತ್ತೆ ಎತ್ತಿಕೊಂಡು, "ಇವ್ಳ ರಕ್ತ ಯಾವನಾದ್ರೂ ಮುಟ್ಲಿ, ನೋಡ್ಕತ್ತೀನಿ" ಎಂದರು.

ಆ ಹೆರಿಗೆಗೆ ಆಸ್ಪತ್ರೆ ಸೇರಿದ ದಿನವೇ ಅಲ್ಲಿನ ನರ್ಸು ನನ್ನ ಕೇಸ್ ಶೀಟಿನ ಮೇಲೆ ಕೆಂಪು ಇಂಕಿನಲ್ಲಿ ವಿಡಿಆರ್‌ಎಲ್ ಎಂದು ಬರೆದು ಸುತ್ತು ಹಾಕಿದ್ದಳು, ನನ್ನ ಹಾಸಿಗೆಯನ್ನು ಮೂಲೆಗೆ ಎಳೆಸಿದ್ದಳು. ನನ್ನ ಗಂಡ ಮೈಸೂರಿನ ಡಾಕ್ಟರ ಪತ್ರ ಹಿಡಿದು, "ತಾಯಿ, ಒಂದಪ ಇದ ಓದ್ಬುಡಿ, ಆಮ್ಯಾಲೆ ಎಲ್ಲಿಗ್ ಬೇಕಾದ್ರೂ ಎಳೀರಿ" ಎಂದು ವಾರ್ಡಿನ ತುಂಬ ಕೇಳುವಂತೆ ಕೂಗಾಡಿದರು. ಹಾಸಿಗೆ ಮತ್ತೆ ಕಿಟಕಿ ಪಕ್ಕಕ್ಕೆ ಬಂತು. ಸುತ್ತಲಿನ ಹೆಂಗಸರೆಲ್ಲ ನನ್ನ ರೋಗದ ಹೆಸರು ಕೇಳಲು ಶುರುಮಾಡಿದರು.

ಈಗಲೂ ಆ ಪರೀಕ್ಷೆ ಮಾಡಿದರೆ ರಿಯಾಕ್ಟಿವ್ ಎಂದೇ ಬರುತ್ತದೆ. ಇಎಸ್‌ಆರ್ ಒಂದು ಸಲ ಇಳಿಯುತ್ತದೆ, ಒಂದು ಸಲ ಕಾರಣವಿಲ್ಲದೆ ಏರುತ್ತದೆ. ಯಾಕೆ ಏರಿತು ಎಂದರೆ ಡಾಕ್ಟರು, "ನೀವು ಹೇಗಿದ್ದೀರಿ?" ಎನ್ನುತ್ತಾರೆ. ಚೆನ್ನಾಗಿದ್ದೀನಿ ಎನ್ನುತ್ತೇನೆ. "ಹಾಗಾದ್ರೆ ಚೀಟಿ ಬಿಡಿ" ಎನ್ನುತ್ತಾರೆ. ತಲೆಯಾಡಿಸಿ ಹೊರಗೆ ಬಂದು, ಬಸ್ಸು ಬರುವವರೆಗೆ ಅದನ್ನೇ ಓದುತ್ತ ಕೂರುತ್ತೇನೆ.