ಯಾರೂ ತೆರೆಯದ ಫೋಟೊಗಳು

ಕಂಪ್ಯೂಟರಿನ ಕಸ ಗುಡಿಸುವ ಸಾಫ್ಟ್‌ವೇರ್ ಒಂದನ್ನು ಮಾಡಿದ್ದೆ. ಅದನ್ನು ಪರೀಕ್ಷಿಸಲೆಂದು ಹೊಸನಗರದಲ್ಲಿ ನನಗೆ ಚಿಕ್ಕಂದಿನಿಂದ ಪರಿಚಯವಿದ್ದ ಮಂಜಣ್ಣನ ಫೋಟೊ ಸ್ಟುಡಿಯೊಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಯಾರೂ ತೆರೆಯದ ಫೈಲುಗಳಿಗೆಲ್ಲ ಅದು ‘ಅನಗತ್ಯ’ ಎಂದು ಗುರುತು ಹಾಕಿತು. ನೋಡಿದರೆ ಎಲ್ಲವೂ ಊರವರ ಪಾಸ್‌ಪೋರ್ಟ್ ಸೈಜ್ ಫೋಟೊಗಳು.

“ಅಳಿಸಿಬಿಡ್ಲಾ?” ಎಂದೆ, ಹೆಮ್ಮೆಯಿಂದ.

ಮಂಜಣ್ಣ ಗಾಬರಿಯಾದರು. “ಬೇಡ ಮಾರಾಯ! ಅವ್ರೆಲ್ಲ ಇನ್ನೂ ಬದುಕಿದಾರೆ, ಅದಕ್ಕೇ ಓಪನ್ ಮಾಡಿಲ್ಲ. ಹೋದ ದಿನ ಮನೆಯವ್ರು ಓಡಿ ಬರ್ತಾರೆ, ಶ್ರದ್ಧಾಂಜಲಿ ಫ್ಲೆಕ್ಸಿಗೆ ಒಳ್ಳೇ ಫೋಟೊ ಕೊಡಿ ಅಂತ. ಆಗ ಎಲ್ಲಿಂದ ತರ್ಲಿ?”

ಕಾಲೇಜಿಗೆ ಸೇರುವಾಗ ಅಲ್ಲೇ ತೆಗೆಸಿದ್ದ ನನ್ನ ಫೋಟೊವೂ ಕಾಣಿಸಿತು. ನನ್ನದೇ ಸಾಫ್ಟ್‌ವೇರ್ ನನ್ನನ್ನೂ ಅನಗತ್ಯ ಎಂದಿತ್ತು.

“ನಿಂದು ಭಾರೀ ಚೆಂದ ಬಂದಿದೆ. ಜೋಪಾನವಾಗಿ ಇಟ್ಟಿದೀನಿ,” ಎಂದು ಮಂಜಣ್ಣ ಸಮಾಧಾನ ಹೇಳಿದರು.

ಈಗ ನನ್ನ ಸಾಫ್ಟ್‌ವೇರ್ ಅಂಥ ಫೈಲುಗಳನ್ನು ‘ಅನಗತ್ಯ’ ಎನ್ನುವುದಿಲ್ಲ. ‘ಸದ್ಯಕ್ಕೆ ಬೇಡ’ ಎನ್ನುತ್ತದೆ.