ಎಂಜಿನ್‌ನಲ್ಲಿ ಆಯಿಲ್ ಇತ್ತು

ಎಂಜಿನ್‌ನಲ್ಲಿ ಆಯಿಲ್ ಇತ್ತು. ಇರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಂಬಿ ಒಬ್ಬ ತಂದೆ ಆರು ವರ್ಷ ತಮ್ಮ ಮಗಳನ್ನು ದೂರಿದರು — ನಂಬಿಕೊಂಡೇ ತೀರಿಹೋದರು.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಬೈಕ್ ಗ್ಯಾರೇಜು. ಭದ್ರಾವತಿಯ ಚನ್ನಬಸಪ್ಪನವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ತಮ್ಮ ಬೈಕನ್ನು ನನ್ನ ಹೊರತು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಅದನ್ನು ಓಡಿಸುತ್ತಿದ್ದವಳು ಅವರ ಮಗಳು ಸುಮಂಗಲಾ. ಇಲ್ಲಿನ ಕನ್ನಡಕದ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ, ದಿನಾ ಭದ್ರಾವತಿಯಿಂದ ಬೈಕಿನಲ್ಲೇ ಬರುತ್ತಿದ್ದಳು. ಸ್ಕೂಟಿ ಕೊಡಿಸಬಾರದೇ ಎಂದು ಯಾರಾದರೂ ಕೇಳಿದರೆ ಅವರು, "ನಮ್ಮ ಹುಡುಗಿ ಗೇರ್ ಗಾಡಿನೇ ಓಡಿಸ್ತಾಳೆ" ಎನ್ನುತ್ತಿದ್ದರು.

ಒಂದು ದಿನ ಅವರೇ ಬೈಕು ತಂದರು. ಎಂಜಿನ್ ಕೆಳಗಿನಿಂದ ಗುಂಯ್‌ಗುಡುವ ಸದ್ದು, ಪಕ್ಕದಲ್ಲಿ ಆಯಿಲ್ ಜಿನುಗು. "ಕ್ರ್ಯಾಂಕ್ ಬೇರಿಂಗ್ ಸವೆದಿದೆ ಮಾರಾಯ. ಬೇರಿಂಗು, ಸೀಲು ಎಲ್ಲಾ ಹೊಸದು ಹಾಕ್ಬಿಡು" ಎಂದು, ತಾವೇ ಆರಿಸಿ ತಂದಿದ್ದ ಸಾಮಾನು ನನ್ನ ಕೈಗಿಟ್ಟರು.

ಎಂಜಿನ್ ಇಳಿಸಿ, ಬಿಚ್ಚಿ, ಹಳೆಯದೆಲ್ಲ ತೆಗೆದೆ. ಬೇರಿಂಗ್ ಕೂರಿಸುವ ಮೊದಲು ಎಂಜಿನ್ ಕೇಸನ್ನು ಬಿಸಿ ಮಾಡಬೇಕು. ಕಾದರೆ ಬೇರಿಂಗ್ ತಾನಾಗಿ ಇಳಿದು ಕೂರುತ್ತದೆ. ನಾನು ಬಿಸಿ ಮಾಡಲಿಲ್ಲ. ಸುತ್ತಿಗೆಯಲ್ಲೇ ಕೂರಿಸಬಲ್ಲೆ ಎಂಬ ಜಂಬ ನನಗೆ. ಬೇರಿಂಗಿನ ಹೊರಗಿನ ಉಂಗುರದ ಮೇಲೆ ಬೀಳಬೇಕಾದ ಪೆಟ್ಟು ಒಳಗಿನದರ ಮೇಲೆ ಬಿತ್ತು — ಎರಡು ಸಲ, ಮೂರು ಸಲ. ಬೆರಳಿಟ್ಟು ತಿರುಗಿಸಿದೆ. ಒಂದು ಕಡೆ ಬಂದಾಗ ಸಣ್ಣಗೆ ಕಟ್ ಅಂತು. ಮತ್ತೆ ತಿರುಗಿಸಿದೆ. ಮತ್ತೆ ಕಟ್.

ಬೇರಿಂಗಿನೊಳಗಿನ ಗುಂಡುಗಳಿಗೆ ಪೆಟ್ಟಾಗಿತ್ತು. ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದರೆ ಅದೇ ನಂಬರಿನ ಬೇರಿಂಗ್ ಬರಲು ನಾಲ್ಕು ದಿನ ಎಂದರು. ನಾಲ್ಕು ದಿನ ತಡ ಏಕೆಂದು ಚನ್ನಬಸಪ್ಪನವರಿಗೆ ಹೇಳಬೇಕಿತ್ತು. ಜೀವಮಾನವೆಲ್ಲ ಬೇರಿಂಗ್ ಹಾಕಿದ ಮನುಷ್ಯನಿಗೆ, ಹೊಸದನ್ನು ಕೆಡಿಸಿದೆ ಎಂದು... ಆಗಲಿಲ್ಲ. ಆ ಕೆಟ್ಟ ಬೇರಿಂಗ್ ಒಳಗಿದ್ದಂತೆಯೇ ಎಂಜಿನ್ ಮುಚ್ಚಿದೆ.

ಸಂಜೆ ಬಂದವರು ಕೇಳಿದ್ದು ಒಂದೇ ಮಾತು. "ಕೂರಿಸಿದ ಮೇಲೆ ತಿರುಗಿಸಿ ನೋಡಿದ್ಯಾ?"

"ನೋಡಿದೆ ಅಣ್ಣ. ಬೆಣ್ಣೆ ಇದ್ದಂಗಿದೆ."

ಆಮೇಲೆ ಶುರುವಾಯಿತು ಭಯ. ಫೋನ್ ಬಂದರೆ ಭಯ, ಸುಮಂಗಲಾ ಕೆಲಸಕ್ಕೆ ಬರುವ ಹೊತ್ತಿಗೆ ರಸ್ತೆಯಲ್ಲಿ ಆ ಬೈಕಿನ ಸದ್ದು ಕೇಳದಿದ್ದರೆ ಭಯ. ತಿಂಗಳ ಮೇಲೆ ಸುಮಂಗಲಾ ಗ್ಯಾರೇಜಿಗೆ ಬಂದು, "ಏನೋ ಸೌಂಡ್ ಬರ್ತಿದೆ ಅಂಕಲ್" ಎಂದಳು. ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗೆ, ಹಿಡಿಯನ್ನು ಕಿವಿಗೆ ಆನಿಸಿ ಕೇಳಿದೆ. ಒಳಗೆ ಕಲ್ಲು ಅರೆಯುವ ಹಾಗಿತ್ತು. ಗಾಡಿ ಬಿಟ್ಟು ಹೋಗಮ್ಮ — ಇಷ್ಟು ಹೇಳಿದ್ದರೆ ಸಾಕಿತ್ತು. "ಏನಿಲ್ಲ, ಹಳೇ ಎಂಜಿನ್, ಆಯಿಲ್ ಕುಡಿಯುತ್ತೆ. ವಾರಕ್ಕೊಂದು ಸಲ ನೋಡ್ಕೋತಿರು" ಎಂದು ಕಳಿಸಿದೆ. ನಾಳಿನ ಸುಳ್ಳಿಗೆ ಅಂದೇ ಜಾಗ ಮಾಡಿಟ್ಟುಕೊಂಡೆನೇ? ಗೊತ್ತಿಲ್ಲ. ಇಲ್ಲವೆನ್ನಲು ಧೈರ್ಯವಿಲ್ಲ.

ಮೂರು ವಾರದ ನಂತರ ಮಾಚೇನಹಳ್ಳಿಯ ಹತ್ತಿರ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಅವಳು ರಸ್ತೆಗೆ ಬಿದ್ದಳು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿದಿತ್ತು.

ಬೈಕು ಗೂಡ್ಸ್ ಆಟೋದಲ್ಲಿ ನನ್ನಲ್ಲಿಗೇ ಬಂತು. ಶಟರ್ ಅರ್ಧ ಎಳೆದು ಎಂಜಿನ್ ಕೆಳಗಿನ ಬೋಲ್ಟ್ ಬಿಚ್ಚಿದೆ. ಆಯಿಲ್ ಧಾರೆಯಾಗಿ ಬಂತು — ಇರಬೇಕಾದಷ್ಟೂ ಇತ್ತು, ಅದರ ತುಂಬ ಕಬ್ಬಿಣದ ಚೂರು ಮಿನುಗುತ್ತಿತ್ತು. ಅದನ್ನು ಕಂಡದ್ದು ನಾನೊಬ್ಬನೇ. ಚೆಲ್ಲಿಬಿಟ್ಟೆ.

ಮರುದಿನ ಚನ್ನಬಸಪ್ಪನವರು ಆಸ್ಪತ್ರೆಯಿಂದ ನೇರ ಬಂದರು. ರಾತ್ರಿ ಎಂಜಿನ್‌ನಿಂದ ತೆಗೆದಿದ್ದ ಒಡೆದ ಬೇರಿಂಗ್ ನನ್ನ ಕಾಲ ಹತ್ತಿರ ಬಟ್ಟೆಯ ಕೆಳಗಿತ್ತು. ಕೊಡು ನೋಡೋಣ ಅಂದರೆ ಅಲ್ಲಿಗೆ ಮುಗಿಯಿತು.

"ಏನಾಗಿತ್ತು?"

"ಆಯಿಲ್ ಇರಲಿಲ್ಲ ಅಣ್ಣ."

ಅವರು ಬೇರಿಂಗ್ ಕೇಳಲಿಲ್ಲ. "ನೋಡ್ಕೊ ಅಂತ ನಾನೂ ಹೇಳಿದ್ದೆ ಅವಳಿಗೆ" ಎಂದಷ್ಟೇ ಹೇಳಿ ಸ್ಟೂಲಿನ ಮೇಲೆ ಕುಳಿತರು.

ಬೈಕು ಮಾರಿದರು. ಕನ್ನಡಕದ ಸಣ್ಣ ಸ್ಕ್ರೂ ಹಿಡಿಯಲು ಸುಮಂಗಲಾಳ ಬೆರಳು ಬಗ್ಗದೆ ಕೆಲಸ ಹೋಯಿತು. ಹೊಸ ಗಾಡಿಯ ಮಾತೆತ್ತಿದರೆ ಅಪ್ಪ, "ಆಯಿಲ್ ನೋಡದೋಳಿಗೆ ಗಾಡಿ ಯಾಕೆ" ಎನ್ನುತ್ತಾರೆಂದು ಕೇಳಿದ್ದೆ. ಕೇಳಿಯೂ ಸುಮ್ಮನಿದ್ದೆ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಮೊದಲು ಅನಿಸಿದ್ದು — ಬರೆಯಲು ನಾಚಿಕೆಯಾಗುತ್ತದೆ — ಇನ್ನು ಕೇಳುವವರಿಲ್ಲ ಎಂಬ ನಿರಾಳ. ನನ್ನೊಳಗಿನ ಆ ನಿರಾಳ ಕಂಡು ಹೆದರಿದೆ. ಹಿಂದೆಂದೂ ಅಷ್ಟು ಹೆದರಿರಲಿಲ್ಲ.

ಮೊನ್ನೆ ಭಾನುವಾರ ಭದ್ರಾವತಿಗೆ ಹೋದೆ. ಸುಮಂಗಲಾ ಬಾಗಿಲು ತೆರೆದಳು. ಒಳಗೂ ಹೋಗದೆ, ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದೆ. 

ಅವಳು ಕೇಳಿದಳು, "ಆಯಿಲ್ ಇತ್ತಾ ಅಂಕಲ್?"

"ಇತ್ತಮ್ಮ. ಪೂರ್ತಿ ಇತ್ತು."

"ಅವತ್ತು ಬೆಳಿಗ್ಗೆ ನೋಡಿದ್ದೆ ನಾನು. ಅಪ್ಪಂಗೆ ಎಷ್ಟು ಸಲ ಹೇಳಿದೀನಿ. ಆಮೇಲಾಮೇಲೆ... ನಾನೇ ನೋಡಿಲ್ವೇನೋ ಅನ್ಸೋಕೆ ಶುರುವಾಯ್ತು."

ಕೈ ಮುರಿದದ್ದಕ್ಕಿಂತ ದೊಡ್ಡದೊಂದನ್ನು ನಾನು ಮುರಿದಿದ್ದೆ. 

"ಅಮ್ಮ ಒಳಗಿದ್ದಾರೆ" ಎಂದಳು. "ಇದನ್ನೇ ಅವರ ಮುಂದೂ ಹೇಳಿ."

ಓಡಿಹೋಗಬೇಕು ಅನಿಸಿತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವಳ ತಾಯಿ ಅಡುಗೆಮನೆಯಿಂದ ಬಂದು ಕುಳಿತ ಮೇಲೆ, ಮೊದಲಿನಿಂದ ಮತ್ತೆ ಹೇಳಿದೆ.