ಎಲ್ಕ್ ಬೇಟೆಗೊಂದು ಬೆನ್ನುಚೀಲ

ದುಬೈಯ ಅಲ್ ಕುಸೈಸ್ ಬಡಾವಣೆಯ ಈ ಅಂಗಡಿಗೆ ಮಗಳ ಜೊತೆ ಬೆನ್ನುಚೀಲ ಆರಿಸಲು ಬಂದಿದ್ದೇನೆ. ಜಿರಲೆ ಕಂಡರೆ ನನ್ನನ್ನು ಕೂಗುತ್ತಿದ್ದ ಹುಡುಗಿ ಈಗ ಇಲ್ಲಿನ ಆಫೀಸಿನ ಗೆಳತಿಯರೊಂದಿಗೆ ಅಮೆರಿಕದ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೊರಟಿದ್ದಾಳೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆಯಂತೆ. ಗಾಡಿ ಹೋಗದ ಕಾಡು, ಮಾಂಸವನ್ನು ಬೆನ್ನ ಮೇಲೆಯೇ ಹೊತ್ತು ತರಬೇಕಂತೆ. ಇದನ್ನು ಕೇಳಿದಾಗಿನಿಂದ ನಿದ್ದೆಗೆಟ್ಟಿರುವುದು ನಾನು, ಅವಳಲ್ಲ.

ವಿಮಾನದ ಲಗೇಜು ತೂಗಲು ಹುಬ್ಬಳ್ಳಿಯಿಂದ ತಂದಿದ್ದ ಕೈತಕ್ಕಡಿಗೆ ಒಂದೊಂದೇ ಚೀಲ ಸಿಕ್ಕಿಸಿ ನೋಡಿದೆ. ಜಿಪ್ಪಿಗೆ ಬೀಗ ಹಾಕಲು ಬರುತ್ತದೆಯೇ ಎಂದೂ ಹುಡುಕಿದೆ. ಭಟ್ಕಳದವರಾದ ಅಂಗಡಿಯವರು ನಕ್ಕುಬಿಟ್ಟರು: "ಸಾರ್, ಅಲ್ಲಿ ಬೀಗ ಯಾರಿಗೆ? ಕರಡಿಗಾ?"

ಕಡೆಗೆ ಅವರೇ ಸೊಂಟಕ್ಕೆ ಅಗಲ ಪಟ್ಟಿಯಿದ್ದ ಚೀಲವೊಂದನ್ನು ಇಳಿಸಿ, ಪರೀಕ್ಷೆಗೆಂದು ಒಳಗೆ ಮರಳಿನ ಗಂಟುಗಳನ್ನು ತುಂಬಿ, ಮಗಳ ಬೆನ್ನಿಗೇರಿಸಿದರು. "ಭಾರ ಹೆಗಲ ಮೇಲಲ್ಲ ಮೇಡಂ, ಸೊಂಟದ ಮೇಲೆ ಕೂರಬೇಕು. ಯಲ್ಲಾ, ನಡೀರಿ."

ಅವಳು ನಡೆದಳು. ನಾನು ಹಿಂದಿನಿಂದ ಹೋಗಿ, ಯಾರಿಗೂ ಕಾಣದ ಹಾಗೆ ಚೀಲದ ಬುಡಕ್ಕೆ ಕೈಕೊಟ್ಟು ಎತ್ತಿ ಹಿಡಿದೆ. ಸ್ಕೂಲ್ ಬಸ್ಸಿನವರೆಗೆ ನಾವು ಹೋಗುತ್ತಿದ್ದುದು ಹೀಗೇ.

"ಪಪ್ಪಾ, ಕೈ ಬಿಡ್ರಿ," ಅಂದಳು, ತಿರುಗಿ ನೋಡದೆಯೇ. "ಎಷ್ಟು ವಜ್ಜಿ ಐತಿ ಅಂತ ನನಗ ಗೊತ್ತಾಗ್ಬೇಕು. ಅಲ್ಲಿ ನೀವು ಬರಂಗಿಲ್ಲಲ್ಲ."

ಕೈ ತೆಗೆದೆ. ಅವಳು ಒಮ್ಮೆ ವಾಲಿ, ಸಾವರಿಸಿಕೊಂಡು, ಶೂಗಳ ಸಾಲು ದಾಟಿ ಅಂಗಡಿಯ ಆಚೆ ತುದಿಯವರೆಗೆ ನಡೆದುಹೋದಳು. ನಾನು ಬಾಗಿದವನು ಬಾಗಿಯೇ ನಿಂತಿದ್ದೆ. ಅಂಗಡಿಯವರು ನನ್ನ ಪಕ್ಕಕ್ಕೆ ಒಂದು ಕುರ್ಚಿ ತಂದಿಟ್ಟರು.